ಐವಿಯ ಮೂಳೆಗಳು

ಹೋದ ಭಾನುವಾರ ಇಲ್ಲಿ ಆಕ್ಲೆಂಡಿನ ಏವನ್‌ಡೇಲ್ ಸಂತೆಯಲ್ಲಿ ಮೆಂತ್ಯದ ಸೊಪ್ಪು ಆರಿಸುತ್ತಾ ನಿಂತಿದ್ದೆ. ಹಿಂದೆ ಕಾರು ನಿಲ್ಲಿಸುವ ಕಡೆ ಯಾರೋ ಒಬ್ಬ ತನ್ನ ಪಿಕಪ್ ಗಾಡಿಯಿಂದ ಹಳೆಯ ಮೋಟಾರ್‌ಸೈಕಲ್ ಒಂದನ್ನು ಇಳಿಸಿದ. ಸುತ್ತ ನಾಲ್ಕು ಜನ ನಿಂತು ನೋಡುತ್ತಿದ್ದಾರೆ ಎಂಬ ಹುರುಪಿನಲ್ಲಿ ಅದನ್ನು ಶುರು ಮಾಡಿಯೂ ಬಿಟ್ಟ. ಕಿವಿ ಗಡಚಿಕ್ಕುವ ಸದ್ದು, ಅದರ ಹಿಂದೆಯೇ ನೀಲಿ ಹೊಗೆ ಸೊಪ್ಪಿನ ಅಂಗಡಿಯವರೆಗೂ ತೇಲಿ ಬಂತು. ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ವಾಟ್ ಈಸ್ ದಟ್ ಸ್ಮೆಲ್?" ಎಂದಳು.

ಹರಳೆಣ್ಣೆ ಎಂದೆ. ಹಳೆಯ ಕಾಲದ ರೇಸ್ ಬೈಕುಗಳ ಎಂಜಿನ್ನಿಗೆ ಅದನ್ನೇ ಹಾಕುತ್ತಿದ್ದರು, ಸುಟ್ಟರೆ ಹೀಗೇ ವಾಸನೆ ಬರುತ್ತದೆ ಎಂದೆ. ನಿನಗೆ ಹೇಗೆ ಗೊತ್ತು ಎಂದು ಕೇಳಿದಳು. ಹಿಂದೆ ಒಬ್ಬ ಪೇಷಂಟ್ ಹೇಳಿದ್ದರು ಎಂದೆ. ಅಷ್ಟಕ್ಕೇ ಅವಳಿಗೆ ಸಾಕಾಗಿ ಡೋನಟ್ ಅಂಗಡಿಯ ಕಡೆ ಹೋದಳು. ನಾನು ಸೊಪ್ಪಿನ ಕಟ್ಟು ಹಿಡಿದುಕೊಂಡು ಅಲ್ಲೇ ನಿಂತೆ. ಅಂಗಡಿಯ ಚೀನೀ ಹೆಂಗಸು ಎರಡು ಸಲ ಕರೆದದ್ದು ಆಮೇಲೆ ಗೊತ್ತಾಯಿತು.

ಆ ಪೇಷಂಟ್ ಸಿಕ್ಕಿದ್ದು ನಾನು ದಾವಣಗೆರೆಯಿಂದ ನ್ಯೂಜಿಲೆಂಡಿನ ಈ ಆಕ್ಲೆಂಡಿಗೆ ಬಂದ ಮೊದಲ ಚಳಿಗಾಲದಲ್ಲಿ. ಇಪ್ಪತ್ತು ವರ್ಷದ ಮೇಲಾಯಿತು. ಸ್ಯಾಂಡ್ರಿಂಗಮ್‌ನಲ್ಲಿ ಒಂದು ಮರದ ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದು ನಾನೂ ಮುಮ್ತಾಜೂ ಇದ್ದೆವು. ಮುಮ್ತಾಜ್ ಹುಬ್ಬಳ್ಳಿಯವಳು, ನನ್ನ ಹಾಗೇ ನರ್ಸು, ಒಂದು ವರ್ಷ ಮೊದಲೇ ಬಂದು ಈ ಊರಿನ ರೀತಿಯನ್ನೆಲ್ಲ ಅರೆದು ಕುಡಿದವಳು. ಜೂನ್ ತಿಂಗಳಲ್ಲಿ ಚಳಿ ಎನ್ನುವುದೇ ನನ್ನ ತಲೆಗೆ ಇಳಿಯುತ್ತಿರಲಿಲ್ಲ. ಮಳೆ ಮೇಲಿನಿಂದ ಬೀಳುವುದು ಬಿಟ್ಟು ಅಡ್ಡಡ್ಡ ಬೀಸುತ್ತಿತ್ತು. ಕೊಡೆ ಬಿಚ್ಚಿದವರನ್ನು ನೋಡಿದರೆ ಇವರು ಹೊಸಬರು ಎಂದು ಊರಿನವರಿಗೆ ಗೊತ್ತಾಗುತ್ತಿತ್ತು. ಮನೆಯೊಳಗೂ ಬಾಯಿ ತೆರೆದರೆ ಹಬೆ, ಬಚ್ಚಲಿನ ಗೋಡೆಗೆಲ್ಲ ಬೂಷ್ಟು. ಬೆಳಿಗ್ಗೆ ಬಸ್ಸು ಹತ್ತಿದವಳು ಆಸ್ಪತ್ರೆಯ ಹೀಟರಿನ ಬಿಸಿ ಮೈಗೆ ತಾಕುವವರೆಗೂ ಭುಜ ಬಿಗಿಹಿಡಿದುಕೊಂಡೇ ಇರುತ್ತಿದ್ದೆ.

ನನ್ನನ್ನು ಹಾಕಿದ್ದು ವಯಸ್ಸಾದವರ ವಾರ್ಡಿಗೆ. ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆದವರು ಅಲ್ಲಿ ವಾರಗಟ್ಟಲೆ ಇದ್ದು, ಮತ್ತೆ ನಡೆಯಲು ಕಲಿತು ಮನೆಗೆ ಹೋಗುತ್ತಿದ್ದರು. ಐವಿ ಬಂದದ್ದೂ ಹಾಗೆಯೇ. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿ ಒದ್ದೆ ಹುಲ್ಲಿನ ಮೇಲೆ ಜಾರಿದ್ದರು. ತೊಂಬತ್ತರ ಹತ್ತಿರದ ಸಣ್ಣ ಜೀವ. ನೀರು ಕೊಟ್ಟರೂ ನಿನಗೆ ತೊಂದರೆ ಕೊಟ್ಟೆ ಎನ್ನುವ ಹೆಂಗಸು. ಕುತ್ತಿಗೆಯವರೆಗೂ ಗುಂಡಿ ಹಾಕಿದ ಉಣ್ಣೆಯ ಕಾರ್ಡಿಗನ್ ಅವರ ಮೈಮೇಲೆ ಸದಾ ಇರಬೇಕು. ಅಷ್ಟು ವಯಸ್ಸಾದವರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಒಪ್ಪದೆ ಮೊದಮೊದಲು ಮೇಡಂ ಎಂದೆ. ಹಾಗೆ ಕರೆದರೆ ಹಿಂದೆ ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡುವಂತಾಗುತ್ತದೆ, ಐವಿ ಅನ್ನು ಎಂದರು.

ಅವರಿಗೆ ಒಬ್ಬಳೇ ಮಗಳು, ಜೂಡಿತ್. ಅರವತ್ತು ದಾಟಿದ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಹೆಂಗಸು. ದಿನಾ ಮಧ್ಯಾಹ್ನ ಬರುತ್ತಿದ್ದರು. ಮೊದಲ ದಿನವೇ ಅಪ್ಪನ ಫೋಟೋ ತಂದು ಅಮ್ಮನ ಮಂಚದ ಪಕ್ಕ ಇಟ್ಟರು. ಐವಿಯ ಗಂಡ ಲೆನ್ ತೀರಿಕೊಂಡು ಕೆಲವು ವರ್ಷವಾಗಿತ್ತು. ಫೋಟೋದಲ್ಲಿ ಅವರು ಟ್ರಾಮ್ ಕಂಡಕ್ಟರಿನ ಸಮವಸ್ತ್ರದಲ್ಲಿದ್ದರು, ಎತ್ತರದ, ಸಂಕೋಚದ ಮುಖ. ನಮ್ಮಪ್ಪನಂಥವರನ್ನು ನಾನು ನೋಡಿಲ್ಲ ಎಂದು ಜೂಡಿತ್ ನನಗೆ ಹೇಳಿದ್ದರು. ಅಮ್ಮನ ಎಡಗೈ ಮೇಲಕ್ಕೆ ಏಳುವುದಿಲ್ಲ, ಹುಟ್ಟಿನಿಂದಲೇ ಹಾಗೆ. ಅದಕ್ಕೇ ಅಪ್ಪ ಬದುಕಿರುವವರೆಗೂ ದಿನಾ ಬೆಳಿಗ್ಗೆ ಅಮ್ಮನ ಎದುರು ನಿಂತು ಕಾರ್ಡಿಗನ್‌ನ ಗುಂಡಿ ಹಾಕಿಯೇ ಕೆಲಸಕ್ಕೆ ಹೋಗುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಬೆಳಕಿತ್ತು.

ಎರಡನೇ ವಾರ ಐವಿಗೆ ಕೆಮ್ಮು ಬಂತು. ನ್ಯುಮೋನಿಯಾ ಇರಬಹುದೆಂದು ಎದೆಯ ಎಕ್ಸ್‌ರೇ ತೆಗೆಸಿದರು. ಶ್ವಾಸಕೋಶ ಚೆನ್ನಾಗಿಯೇ ಇತ್ತು. ಆದರೆ ಆ ಚಿತ್ರ ನೋಡಿದ ನಮ್ಮ ವಾರ್ಡಿನ ಡಾಕ್ಟರಮ್ಮ ಅದನ್ನು ಮತ್ತೆ ಕಣ್ಣ ಹತ್ತಿರ ಹಿಡಿದು ನೋಡಿದರು. ಎಡಗಡೆಯ ಪಕ್ಕೆಲುಬುಗಳು ಸಾಲಾಗಿ ಎಂದೋ ಮುರಿದು ಸೊಟ್ಟಸೊಟ್ಟ ಕೂಡಿಕೊಂಡಿದ್ದವು. ಭುಜದ ಕೊರಳೆಲುಬು ಎರಡು ಕಡೆ ಗಂಟು ಕಟ್ಟಿತ್ತು. ಅವರು ಕೈಕಾಲುಗಳದ್ದೂ ತೆಗೆಸಿದರು. ಮುಂಗೈ, ಮಣಿಕಟ್ಟು, ಹಿಮ್ಮಡಿಯ ಮೇಲಿನ ಗಂಟು, ಎಲ್ಲ ಕಡೆ ಹಳೆಯ ಮುರಿತ. ಒಂದೇ ಸಲದ್ದಲ್ಲ, ಬೇರೆ ಬೇರೆ ಕಾಲದ್ದು. ಯಾವುದಕ್ಕೂ ಆಸ್ಪತ್ರೆಯಲ್ಲಿ ಸರಿಯಾಗಿ ಚಿಕಿತ್ಸೆ ಆದ ಹಾಗೆ ಕಾಣಲಿಲ್ಲ.

ಡಾಕ್ಟರಮ್ಮ ಪರದೆ ಎಳೆದು ಮಂಚದ ಪಕ್ಕ ಕೂತು, ಬಹಳ ಮೆತ್ತಗೆ ಕೇಳಿದರು. ನಾನು ಜೊತೆಗಿದ್ದೆ. ಇವೆಲ್ಲ ಹೇಗಾಯಿತು, ಐವಿ?

"ಬಿದ್ದೆ," ಎಂದರು ಐವಿ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಮನೆಯಲ್ಲಿ ಯಾರಾದರೂ ನಿಮಗೆ ನೋವು ಮಾಡಿದ್ದರಾ ಎಂದು ಕೇಳಿದ್ದಕ್ಕೆ ಉತ್ತರವೇ ಇಲ್ಲ. ಅವರಿಗೆ ಆ ಪ್ರಶ್ನೆಯ ಅರ್ಥವೇ ಆಗಿರಲಿಲ್ಲ ಎಂದು ಈಗ ತಿಳಿದಿದೆ. ಆಗ ನಮಗೆ ಆ ಮೌನ ಬೇರೆಯೇ ಆಗಿ ಕೇಳಿಸಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಕ್ಯಾಶುಯಾಲ್ಟಿ ಡ್ಯೂಟಿ ಮಾಡಿದವಳು ನಾನು. ಒಡೆದ ತುಟಿಯ, ಊದಿದ ಕಣ್ಣಿನ ಎಷ್ಟು ಹೆಂಗಸರು ಬಾಗಿಲಲ್ಲಿ ನಿಂತ ಗಂಡನ ಕಡೆ ನೋಡದೆ, ಜಾರಿ ಬಿದ್ದೆ ಸಿಸ್ಟರ್ ಎಂದಿದ್ದರೋ. ಸಂಜೆ ಹೆಸರು ಹೇಳದೆ ಮುಮ್ತಾಜ್‌ಗೆ ಸಂಗತಿ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿ, "ಬಿದ್ದೆ ಅಂದ್ಲೇನು? ಹಂಗಾದ್ರ ಹೊಡದಾನ," ಎಂದಳು. ನನಗೂ ಅನುಮಾನ ಉಳಿದಿರಲಿಲ್ಲ.

ಕೆಲವು ದಿನಕ್ಕೆ ಮನೆಯವರನ್ನು ಕೂರಿಸಿ ಮಾತಾಡುವ ಸಭೆ ಬಂತು. ಐವಿ ಮನೆಗೆ ಹೋದ ಮೇಲೆ ಏನೇನು ಅನುಕೂಲ ಬೇಕು ಎಂದು ಮಾತು ನಡೆದಿತ್ತು. ಎಡಗೈ ಏಳುವುದಿಲ್ಲ, ವಾಕರ್ ಹಿಡಿಯುವುದು ಕಷ್ಟ ಎಂದು ವ್ಯಾಯಾಮ ಮಾಡಿಸುವ ಹುಡುಗಿ ಹೇಳಿದಳು. ಅದು ಹುಟ್ಟಿನಿಂದ ಬಂದದ್ದು ಎಂದರು ಜೂಡಿತ್. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ, ಅದು ಹುಟ್ಟಿನಿಂದ ಬಂದದ್ದಲ್ಲ, ಮೂಳೆ ಮುರಿದು ಹಾಗಾಗಿದೆ ಎಂದು ಹೇಳಲೇಬೇಕಾಯಿತು.

"ನಾನು ಹುಟ್ಟಿದ ಮೇಲೆ, ಈ ಸೊಂಟ ಬಿಟ್ಟರೆ, ಅಮ್ಮನಿಗೆ ಒಂದು ಮೂಳೆಯೂ ಮುರಿದಿಲ್ಲ," ಎಂದರು ಜೂಡಿತ್.

ಹಾಗಾದರೆ ಅದಕ್ಕೂ ಮೊದಲಿರಬೇಕು ಎಂದರು ಡಾಕ್ಟರಮ್ಮ. ಜೂಡಿತ್ ಎಕ್ಸ್‌ರೇ ತೋರಿಸಿ ಎಂದು ಹಟ ಹಿಡಿದರು. ವಾರ್ಡಿಗೆ ಹೋಗಿ ಕೇಳಿದಾಗ ಐವಿಯೂ ತೋರಿಸಲಿ ಬಿಡಿ ಎಂದಿದ್ದರಿಂದ ಬೆಳಕಿನ ಹಲಗೆಗೆ ಸಿಕ್ಕಿಸಿ ತೋರಿಸಿದರು. ಯಾರ ಮೇಲೂ ಯಾವ ಆರೋಪವನ್ನೂ ಡಾಕ್ಟರಮ್ಮ ಮಾಡಲಿಲ್ಲ. ಮಾಡುವ ಅಗತ್ಯವೇ ಬೀಳಲಿಲ್ಲ. ಜೂಡಿತ್ ಆ ಚಿತ್ರದ ಮುಂದೆ ನಿಂತು ಒಂದೊಂದೇ ಮುರಿತವನ್ನು ಬೆರಳಿಟ್ಟು ಎಣಿಸಿದರು. ಅಪ್ಪ ಅಮ್ಮನಿಗೆ ಮದುವೆಯಾಗಿ ಏಳು ವರ್ಷದ ಮೇಲೆ ನಾನು ಹುಟ್ಟಿದ್ದು ಎಂದು ಗೋಡೆಗೆ ಹೇಳುವ ಹಾಗೆ ಹೇಳಿದರು. ಅಷ್ಟು ಹೇಳಿ ಕೈಚೀಲ ಅಲ್ಲೇ ಬಿಟ್ಟು ಹೊರಗೆ ನಡೆದರು.

ಚೀಲ ಕೊಡಲು ಹಿಂದೆಯೇ ಹೋದೆ. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಗುಂಡಿ ಹಾಕುತ್ತಿದ್ದರಲ್ಲ, ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ ಎಂದರು. ಅಮ್ಮ ಬೇಸಿಗೆಯಲ್ಲೂ ತುಂಬುತೋಳಿನ ಉಡುಪು ಹಾಕುತ್ತಿದ್ದದ್ದು, ಬಾಗಿಲು ದಡಾರೆಂದರೆ ಬೆಚ್ಚುತ್ತಿದ್ದದ್ದು, ಈಜಲು ಕರೆದರೆ ಸಮುದ್ರದ ದಡದಲ್ಲೇ ಕೂರುತ್ತಿದ್ದದ್ದು, ಎಲ್ಲ ಒಂದೊಂದಾಗಿ ನೆನಪು ಮಾಡಿಕೊಂಡರು. ಅರವತ್ತು ವರ್ಷದ ಬಾಳು ಆ ಬೆಂಚಿನ ಮೇಲೆ ಕೂತಲ್ಲೇ ತಲೆಕೆಳಗಾಗುತ್ತಿತ್ತು. ನಾನು ಚೀಲವನ್ನು ಅವರ ಮಡಿಲಲ್ಲಿಟ್ಟು ಪಕ್ಕದಲ್ಲಿ ಕೂತೆ.

ಮರುದಿನ ಅವರು ಬಂದು ಲೆನ್ ಫೋಟೋ ತೆಗೆದುಕೊಂಡು ಹೋದರು.

ಐವಿ ಅವತ್ತಿನಿಂದ ಲೆನ್ ಎಲ್ಲಿ, ಲೆನ್ ಎಲ್ಲಿ ಎಂದು ಕೇಳತೊಡಗಿದರು. ಸತ್ತ ಗಂಡನನ್ನು ಹುಡುಕುತ್ತಿದ್ದಾರೆ, ಮರೆವು ಶುರುವಾಗಿದೆ ಎಂದು ವಾರ್ಡಿನಲ್ಲಿ ಮಾತಾಡಿಕೊಂಡರು. ಅವರು ಕೇಳುತ್ತಿದ್ದದ್ದು ಫೋಟೋವನ್ನು ಎಂದು ನನಗೆ ಗೊತ್ತಿತ್ತು. ಜೂಡಿತ್ ದಿನಾ ಬರುವುದನ್ನು ಬಿಡಲಿಲ್ಲ. ಬಂದು ಅಮ್ಮನ ಕೈ ಹಿಡಿದು ಕೂರುವರು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಫೋಟೋ ಕೇಳಿದರೆ ಮನೆಯಲ್ಲಿದೆ ಎನ್ನುವರು. ಐವಿ ಊಟ ಕಡಿಮೆ ಮಾಡಿದರು. ಎದ್ದು ನಡೆಯುವ ಅಭ್ಯಾಸಕ್ಕೆ ಬನ್ನಿ ಎಂದರೆ ನಾಳೆ ಎಂದರು.

ಆ ವಾರದ ಭಾನುವಾರ ನನಗೆ ಮಧ್ಯಾಹ್ನದ ಡ್ಯೂಟಿ ಇತ್ತು. ಬೆಳಿಗ್ಗೆ ತಲೆಗೆ ಹರಳೆಣ್ಣೆ ತಟ್ಟಿಕೊಂಡಿದ್ದೆ. ಸ್ಯಾಂಡ್ರಿಂಗಮ್‌ನ ಅಂಗಡಿಯಿಂದ ತಂದ ಬಾಟಲಿ, ಎಷ್ಟು ತೊಳೆದರೂ ಜಿಡ್ಡು ಹೋಗದೆ ಹಾಗೇ ಜಡೆ ಬಿಗಿದು ಬಂದಿದ್ದೆ. ಐವಿಯ ದಿಂಬು ಸರಿ ಮಾಡಲು ಬಗ್ಗಿದಾಗ ಅವರು ನನ್ನ ತೋಳು ಹಿಡಿದುಕೊಂಡರು. ಮೂಗರಳಿಸಿ ವಾಸನೆ ನೋಡಿದರು.

"ನಿನ್ನ ತಲೆಯಲ್ಲಿ ಏನಿದು?"

ಹರಳೆಣ್ಣೆ, ನಮ್ಮ ಕಡೆ ತಲೆ ತಂಪಿಗೆ ಹಚ್ಚುತ್ತೇವೆ ಎಂದೆ.

"ನಾವು ಎಂಜಿನ್‌ಗೆ ಹಾಕ್ತಿದ್ದೆವು," ಎಂದರು ಐವಿ.

ಆ ಮನೆಗೆ ಬೈಕಿನ ನಂಟು ಇದೆ ಎಂದು ಜೂಡಿತ್‌ರಿಂದ ಕೇಳಿದ್ದೆ. ಐವಿಯ ಅಣ್ಣ ಕ್ಲಿಫ್ ಎರಡನೇ ಮಹಾಯುದ್ಧಕ್ಕೂ ಮುಂಚಿನ ಕಾಲದಲ್ಲಿ ಸ್ಪೀಡ್‌ವೇ ಪಂದ್ಯಗಳಲ್ಲಿ ಬೈಕ್ ಓಡಿಸುತ್ತಿದ್ದರಂತೆ. ಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲ. ಅವರು ಗೆದ್ದ ಕಪ್ಪು ಈಗಲೂ ಮನೆಯಲ್ಲಿತ್ತು. ಹಾಗಾಗಿ ಅಣ್ಣನಿಗೆ ಸಹಾಯ ಮಾಡುತ್ತಿದ್ದಿರಾ ಎಂದು ಕೇಳಿದೆ. ಅವರು ನನ್ನ ಜಡೆಯ ತುದಿಯನ್ನು ಬೆರಳಲ್ಲಿ ಉಜ್ಜಿ ಇನ್ನೊಮ್ಮೆ ಮೂಸಿದರು. ಆಮೇಲೆ ನೆಟ್ಟಗೆ ನನ್ನ ಮುಖ ನೋಡಿ, ಜೂಡಿತ್ ಲೆನ್ ಫೋಟೋ ಯಾಕೆ ತೆಗೆದಳು, ನಿಜ ಹೇಳು ಎಂದರು.

ಆ ಕಣ್ಣಿನಲ್ಲಿ ಮರೆವು ಗಿರೆವು ಏನೂ ಇರಲಿಲ್ಲ. ನಾನು ಹೇಳಿಬಿಟ್ಟೆ. ನಿಮ್ಮ ಮೂಳೆಗಳನ್ನು ನೋಡಿ, ಲೆನ್ ನಿಮ್ಮನ್ನು ಹೊಡೆಯುತ್ತಿದ್ದರು ಎಂದುಕೊಂಡಿದ್ದಾರೆ ಎಂದೆ.

ಐವಿಯ ಬಾಯಿ ತೆರೆದದ್ದು ತೆರೆದೇ ಇತ್ತು. ನನಗೆ ಗಾಬರಿಯಾಗಿ ನಾಡಿ ಹಿಡಿದೆ. ಕೈ ಕೊಸರಿಕೊಂಡು, ಆಪರೇಷನ್ ಆದ ಕಾಲನ್ನು ಮಂಚದಿಂದ ಇಳಿಸಲು ನೋಡಿದರು. ಹಿಡಿದು ಮಲಗಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

"ಲೆನ್? ಲೆನ್ ಬಚ್ಚಲಲ್ಲಿ ಜೇಡ ಕಂಡರೆ ಲೋಟದಲ್ಲಿ ಹಿಡಿದು ತೋಟಕ್ಕೆ ಬಿಟ್ಟು ಬರೋನು," ಎಂದರು. "ಅವಳನ್ನ ಕರಿ. ಈಗಲೇ ಕರಿ."

ಜೂಡಿತ್ ಬರುವಾಗ ಹೊರಗೆ ಆಲಿಕಲ್ಲು ಬೀಳುತ್ತಿತ್ತು. ನಾನು ಹೊರಡಲು ಎದ್ದರೆ ಐವಿ ನನ್ನನ್ನೂ ಕೂರಿಸಿದರು. ಅರ್ಧ ಗಂಟೆ ಅವರು ಮಾತಾಡಿದರು, ಕೆಮ್ಮಿದಾಗ ಮಾತ್ರ ನಿಲ್ಲಿಸಿದರು.

ಅವರ ಅಪ್ಪನಿಗೆ ಏವನ್‌ಡೇಲಿನ ಆಚೆ ತರಕಾರಿ ತೋಟವಿತ್ತು. ಕ್ಲಿಫ್‌ಗೆ ಎಂಜಿನ್ ಹುಚ್ಚು. ತೋಟದ ಶೆಡ್ಡಿನಲ್ಲಿ ಹಳೆಯ ಬೈಕುಗಳನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದ. ಅವನು ಕಟ್ಟಿದ್ದನ್ನು ಓಡಿಸಿ ನೋಡುತ್ತಿದ್ದವಳು ತಂಗಿ. ಸ್ಪೀಡ್‌ವೇ ಅಂದರೆ ಇದ್ದಿಲ ಪುಡಿ ಹಾಸಿದ ದುಂಡನೆಯ ಟ್ರ್ಯಾಕು. ಬೈಕಿಗೆ ಬ್ರೇಕ್ ಇರುವುದಿಲ್ಲ. ತಿರುವು ಬಂದರೆ ಎಡಗಾಲನ್ನು ನೆಲಕ್ಕೆ ಊರಿ, ಹಿಂದಿನ ಚಕ್ರವನ್ನು ಜಾರಿಸುತ್ತಲೇ ತಿರುಗಬೇಕು. ಆ ಕಾಲದಲ್ಲಿ ಮೊದಮೊದಲು ಹೆಂಗಸರನ್ನೂ ಬಿಟ್ಟಿದ್ದರಂತೆ, ಜನ ಸೇರಲಿ ಎಂದು. ಐವಿ ಒಂದೆರಡು ಸಲ ಹಾಗೆ ಓಡಿಸಿದರು. ಆಮೇಲೆ ಹೆಂಗಸರಿಗೆ ಇದು ತಕ್ಕದ್ದಲ್ಲ ಎಂದು ಪಂದ್ಯ ನಡೆಸುವವರೇ ಅವರನ್ನು ಬಿಡುವುದನ್ನು ನಿಲ್ಲಿಸಿದರು. ಅಷ್ಟರಲ್ಲಿ ಕ್ಲಿಫ್ ತನ್ನ ಜನ್ಮದಲ್ಲೇ ಎಲ್ಲಕ್ಕಿಂತ ಒಳ್ಳೆಯ ಎಂಜಿನ್ ಕಟ್ಟಿ ಮುಗಿಸಿದ್ದ. ಅವನಿಗೋ ಬೈಕ್ ಕಟ್ಟಲು ಬರುತ್ತಿತ್ತೇ ಹೊರತು ಓಡಿಸಲು ಬರುತ್ತಿರಲಿಲ್ಲ, ತಿರುವಿನಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಅಣ್ಣ ತಂಗಿ ಒಂದೇ ಎತ್ತರ. ಹೆಲ್ಮೆಟ್, ಕನ್ನಡಕ, ಇದ್ದಿಲ ಧೂಳಿಗೆ ಮೂಗಿನ ಮೇಲಕ್ಕೆ ಕಟ್ಟಿದ ಬಟ್ಟೆ, ಮೈತುಂಬ ಚರ್ಮದ ಉಡುಪು. ಯಾರಿಗೆ ಗೊತ್ತಾಗಬೇಕು? ಹೆಸರು ಕ್ಲಿಫ್‌ನದು, ಓಡಿಸಿದ್ದು ಐವಿ. ಗೆದ್ದ ದಿನ ಟ್ರ್ಯಾಕಿನ ಶೆಡ್ಡಿನಲ್ಲಿ ಉಡುಪು ಬದಲಾಯಿಸಿಕೊಂಡು ಕ್ಲಿಫ್ ಹೊರಗೆ ಬಂದು ಕಪ್ಪು ತೆಗೆದುಕೊಳ್ಳುತ್ತಿದ್ದ.

ಒಂದು ಸಲ ಐವಿ ಟ್ರ್ಯಾಕಿನ ಬೇಲಿಗೆ ಹೋಗಿ ಬಿದ್ದರು. ಟ್ರ್ಯಾಕಿನ ಪಕ್ಕ ಗಾಯಾಳುಗಳನ್ನು ನೋಡಿಕೊಳ್ಳಲು ನಿಂತಿರುತ್ತಿದ್ದ ಸ್ವಯಂಸೇವಕರಲ್ಲಿ ಒಬ್ಬ ಟ್ರಾಮ್ ಕಂಡಕ್ಟರ್ ಓಡಿ ಬಂದ. ಕೊರಳೆಲುಬು ಮುಟ್ಟಿ ನೋಡಲು ಕೋಟಿನ ಗುಂಡಿ ಬಿಚ್ಚಿದ. ಬಿಚ್ಚಿದವನಿಗೆ ಗೊತ್ತಾಯಿತು. ಆಮೇಲೆ ಗುಂಡಿಗಳನ್ನು ಒಂದೊಂದಾಗಿ ಮತ್ತೆ ಹಾಕಿ, ಹಿಂದೆ ಓಡಿ ಬಂದವರಿಗೆ, ಹುಡುಗನಿಗೆ ಉಸಿರು ಕಟ್ಟಿದೆ ಅಷ್ಟೆ, ದೂರ ನಿಲ್ಲಿ ಎಂದ.

ಅವನೇ ಲೆನ್. ಆಸ್ಪತ್ರೆಗೆ ಹೋದರೆ ಗುಟ್ಟು ಬಯಲಾಗುತ್ತದೆಂದು ಐವಿ ಹೋಗಲಿಲ್ಲ. ಲೆನ್ ತನ್ನ ಸೋದರತ್ತೆಯ ಮನೆಗೆ ಕರೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಪಟ್ಟಿ ಕಟ್ಟಿದ. ಮುಂದಿನ ಬೇಸಿಗೆಗಳಲ್ಲಿ ಮುಂಗೈ, ಪಕ್ಕೆಲುಬು, ಕಾಲಿನ ಗಂಟು, ಎಲ್ಲವನ್ನೂ ಕಟ್ಟಿದವನು ಅವನೇ. ನಿಲ್ಲಿಸು ಎಂದು ಒಂದು ದಿನವೂ ಹೇಳಲಿಲ್ಲವಂತೆ. ಕಾಲು ಮುರಿದ ಮೇಲೆ ಐವಿಯೇ ನಿಲ್ಲಿಸಿದರು. ಆಮೇಲೆ ಮದುವೆ, ಯುದ್ಧ. ಕ್ಲಿಫ್ ಸತ್ತ ಸುದ್ದಿ ಬಂದಾಗ ಅವರಮ್ಮ ಆ ಕಪ್ಪನ್ನು ಒಳಗಿನಿಂದ ತಂದು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಸ್ಪೀಡ್‌ವೇ ಕ್ಲಬ್ಬಿನವರು ಕ್ಲಿಫ್ ಹೆಸರನ್ನು ಹಲಗೆಯ ಮೇಲೆ ಬರೆಸಿದರು. ಆ ಹೆಸರಿನಿಂದ ಅದೊಂದನ್ನು ಕಿತ್ತುಕೊಳ್ಳುವ ಮನಸ್ಸು ಐವಿಗೆ ಬರಲಿಲ್ಲ. ಲೆನ್ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟ.

"ನನ್ನ ಮೂಳೆ ಮುರಿದದ್ದು ನಾನು, ಜೂಡಿತ್," ಎಂದರು ಐವಿ ಕೊನೆಗೆ. "ನಿಮ್ಮಪ್ಪ ಕಟ್ಟಿದ್ದು."

ಈಗ ತಾಯಿ ಮಗಳು ಅಪ್ಪಿಕೊಂಡು ಅಳುತ್ತಾರೆ ಎಂದುಕೊಂಡೆ. ಜೂಡಿತ್ ಎದ್ದು ನಿಂತರು. ನನಗೆ ಸೈಕಲ್ ಕೂಡ ಕೊಡಿಸಲಿಲ್ಲ ನೀನು ಎಂದರು. ಬಿದ್ದುಬಿಡುತ್ತೀಯ ಅಂತ. ಮೋಟಾರ್‌ಸೈಕಲ್ ಇದ್ದ ಹುಡುಗನೊಬ್ಬ ನನ್ನನ್ನು ಕೇಳಿಕೊಂಡು ಮನೆಗೆ ಬಂದಾಗ ನೀನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದೆ. ಇಷ್ಟು ದಿನ ನಾನು ಅಪ್ಪನ ಸಮಾಧಿಯ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಅಂದು ಬಂದಿದ್ದೇನೆ. ಅವರ ಸ್ವರ ಏರಲಿಲ್ಲ, ಅದೇ ನನಗೆ ಹೆದರಿಕೆ ತರಿಸಿತು. ಬಾಗಿಲ ಬಳಿ ತಿರುಗಿ, "ಇದೂ ಅಪ್ಪನನ್ನ ಉಳಿಸೋಕೆ ಕಟ್ಟಿದ ಕತೆ ಅಲ್ಲ ಅಂತ ನಾನು ಹೇಗೆ ನಂಬಲಿ?" ಎಂದು ಕೇಳಿ ಹೋದರು.

ನನಗೂ ಅದೇ ಹೊಳೆದಿತ್ತು. ನಿಜ ಹೇಳಬೇಕೆಂದರೆ, ಆ ಪುಟ್ಟ ಮುದುಕಿ ಬ್ರೇಕಿಲ್ಲದ ಬೈಕಿನ ಮೇಲೆ ಕೂತದ್ದನ್ನು ಕಲ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಗಂಡ ಹೊಡೆದದ್ದನ್ನು ಮುಚ್ಚಲು ಹೆಂಗಸರು ಇದಕ್ಕಿಂತ ದೊಡ್ಡ ಕತೆಗಳನ್ನು ಕಟ್ಟಿದ್ದನ್ನು ನೋಡಿದ್ದೆ. ಐವಿ ನನ್ನ ಮುಖ ನೋಡಿ ಅದನ್ನು ಓದಿಕೊಂಡರೋ ಏನೋ, ಕಂಬಳಿಯನ್ನು ಗಲ್ಲದವರೆಗೂ ಎಳೆದುಕೊಂಡರು.

ಜೂಡಿತ್ ಒಂದು ವಾರ ಬರಲಿಲ್ಲ. ಐವಿ ಬಾಗಿಲು ನೋಡುತ್ತಾ ಮಲಗಿರುತ್ತಿದ್ದರು. ಮಳೆ ಬಿಡಲೇ ಇಲ್ಲ. ವಾರ್ಡಿನ ಕಿಟಕಿಯಿಂದ ಕಾಣುವ ಆಟದ ಮೈದಾನ ಕೆರೆಯಾಗಿ, ಅದರ ಮೇಲೆ ಕಡಲಹಕ್ಕಿಗಳು ಬಂದು ಕೂತಿದ್ದವು.

ವಾರ ಕಳೆದು ಬಂದ ಜೂಡಿತ್ ಒಬ್ಬರೇ ಇರಲಿಲ್ಲ. ಅವರ ತೋಳು ಹಿಡಿದು, ಊರುಗೋಲು ಊರುತ್ತಾ, ಒದ್ದೆ ಕೋಟಿನ ಒಬ್ಬ ಮುದುಕರು ಬಂದರು. ಹೆಸರು ಮಾರಿಸ್. ನ್ಯೂ ಲಿನ್‌ನಲ್ಲಿ ಮಗನ ಮನೆಯಲ್ಲಿದ್ದವರು. ಅವರೂ ಯುದ್ಧಕ್ಕೆ ಮೊದಲು ಅದೇ ಟ್ರ್ಯಾಕಿನಲ್ಲಿ ಓಡಿಸಿದವರು. ಜೂಡಿತ್ ಚಿಕ್ಕವರಿದ್ದಾಗ ಯೋಧರ ನೆನಪಿನ ದಿನ ಪ್ರತಿ ವರ್ಷ ಕ್ಲಿಫ್‌ಗೆಂದು ಹೂವು ಹಿಡಿದು ಅಜ್ಜಿಯ ಮನೆಗೆ ಬರುತ್ತಿದ್ದರಂತೆ. ಅಮ್ಮನಿಗೆ ಹುಷಾರಿಲ್ಲ, ನೋಡಿ ಬನ್ನಿ ಎಂದಷ್ಟೇ ಹೇಳಿ ಕರೆತಂದಿದ್ದೇನೆ, ಬೇರೇನೂ ಹೇಳಿಲ್ಲ ಎಂದು ಜೂಡಿತ್ ನನ್ನ ಕಿವಿಯಲ್ಲಿ ಅಂದರು.

ಮಾರಿಸ್ ಮಂಚದ ಕಾಲ ಕಡೆ ನಿಂತು ಟೋಪಿ ತೆಗೆದರು. ಐವಿಯನ್ನು ಬಹಳ ಹೊತ್ತು ನೋಡಿದರು.

"ಹಲೋ, ಕ್ಲಿಫ್," ಎಂದರು.

ನನ್ನ ಕೈಯಲ್ಲಿದ್ದ ಔಷಧದ ತಟ್ಟೆ ವಾಲಿ ಮಾತ್ರೆಗಳು ನೆಲಕ್ಕೆ ಉರುಳಿದವು. ಯಾರೂ ಅದನ್ನು ನೋಡಲಿಲ್ಲ. ಜೂಡಿತ್ ಗೋಡೆ ಹಿಡಿದುಕೊಂಡರು. ಆದರೆ ಎಲ್ಲರಿಗಿಂತ ಹೆಚ್ಚು ದಂಗಾದವರು ಐವಿ. ದಿಂಬಿನಿಂದ ತಲೆ ಎತ್ತಿದರು.

"ನಿನಗೆ ಯಾವಾಗ ಗೊತ್ತಾಯಿತು?"

ಮೊದಲ ಬೇಸಿಗೆಯಲ್ಲೇ ಎಂದರು ಮಾರಿಸ್. ಕ್ಲಿಫ್ ಬೈಕ್ ತಳ್ಳಿಕೊಂಡು ಹೋಗುವಾಗಲೇ ಎಡವುತ್ತಿದ್ದ, ಅದರ ಮೇಲೆ ಕೂತು ಅಂಥ ತಿರುವು ತೆಗೆದಾನೇ? ಟ್ರ್ಯಾಕಿನಲ್ಲಿ ಓಡಿಸುತ್ತಿದ್ದವರಿಗೆಲ್ಲ ಗೊತ್ತಿತ್ತು. ಹುಡುಗಿಯ ಕೈಲಿ ಸೋತೆ ಎಂದು ಹೇಳಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ. ಆಮೇಲೆ ಕ್ಲಿಫ್ ಬರಲಿಲ್ಲ. ಆ ತಾಯಿ ಕಪ್ಪು ಒರೆಸುತ್ತಾ ಕೂತದ್ದನ್ನು ನೋಡಿದ ಮೇಲೆ ಬಾಯಿ ತೆರೆಯುವುದು ಯಾರಿಂದಾಗುತ್ತದೆ?

"ಹಾಗಾದರೆ ಇಷ್ಟು ವರ್ಷ ನಾನು ಯಾರಿಂದ ಮುಚ್ಚಿಟ್ಟೆ?" ಎಂದರು ಐವಿ.

ಮಾರಿಸ್ ಊರುಗೋಲನ್ನು ಮಂಚಕ್ಕೆ ಒರಗಿಸಿದರು. ಕುರ್ಚಿ ಎಳೆದು ಕೊಟ್ಟೆ, ಕೂತರು. ಜೂಡಿತ್ ಅಲ್ಲಿಂದಲೇ ಅಪ್ಪನ ಬಗ್ಗೆ ಕೇಳಿದರು. ಲೆನ್ ಹೇಗಿದ್ದರು? ಕೋಪಿಷ್ಠರೇ? ಯಾರ ಮೇಲಾದರೂ ಕೈ ಮಾಡಿದ್ದರೇ?

ಮಾರಿಸ್ ತಮ್ಮ ಮೂಗಿನ ಮೇಲೆ ಬೆರಳಿಟ್ಟು ಸವರಿದರು. ಅದು ಒಂದು ಕಡೆಗೆ ತುಸು ಸೊಟ್ಟಗಿತ್ತು. "ಒಂದೇ ಸಲ. ನನಗೆ," ಎಂದರು.

ಮೂರು ಸಲ ಸಾಲಾಗಿ ಐವಿಯ ಕೈಲಿ ಸೋತು ಹೊಟ್ಟೆ ಉರಿದುಕೊಂಡಿದ್ದ ಕಾಲ. ಹೋಗಿ ಮೇಲಿನವರಿಗೆ ಹೇಳಿಬಿಡುತ್ತೇನೆ ಎಂದು ಗೆಳೆಯರ ಮುಂದೆ ಅಂದಿದ್ದರಂತೆ. ಅದು ಲೆನ್ ಕಿವಿಗೆ ಬಿತ್ತು. ಶೆಡ್ಡಿನ ಹಿಂದೆ ಕರೆದ, ಮಾತಾಡೋಣ ಎಂದ, ಮಾತಾಡಲಿಲ್ಲ. ಬಿದ್ದವನನ್ನು ತಾನೇ ಎಬ್ಬಿಸಿ ಕೂರಿಸಿ, ಮೂಗಿಗೆ ಹತ್ತಿ ಇಟ್ಟು, ಕ್ಷಮಿಸು ಎಂದ. ಹೊಡೆದವನೂ ಅವನೇ, ಪಟ್ಟಿ ಕಟ್ಟಿದವನೂ ಅವನೇ. ಹೊಡೆದ ಏಟಿಗೆ ಅವನ ಕೈಯೇ ಊದಿತ್ತು ಎಂದರು ಮಾರಿಸ್.

ಜೂಡಿತ್ ನಗಲು ಹೋದರು, ಅದು ಅಳುವಾಗಿ ಬಂತು. ಅಮ್ಮನ ಮಂಚದ ಅಂಚಿನಲ್ಲಿ ಕೂತು ಆ ಸಣ್ಣ ಮೈಯನ್ನು ತಬ್ಬಿಕೊಂಡರು. ಐವಿ ಮಗಳ ಬೆನ್ನು ತಟ್ಟುತ್ತಿದ್ದರು, ಆದರೆ ಕಣ್ಣು ಮಾರಿಸ್ ಮೇಲೆಯೇ ಇತ್ತು. ಬೆರಗು ಇನ್ನೂ ಆ ಮುಖದಿಂದ ಹೋಗಿರಲಿಲ್ಲ.

"ಅವನು ನನಗೆ ಹೇಳಲೇ ಇಲ್ಲ," ಎಂದರು. "ಟ್ರಾಮಿನ ಬಾಗಿಲಿಗೆ ಕೈ ಸಿಕ್ಕಿತು ಅಂದಿದ್ದ."

ಆಮೇಲೆ ಐವಿ ಬೇಗ ಚೇತರಿಸಿಕೊಂಡರು. ವಸಂತ ಬರುವಷ್ಟರಲ್ಲಿ ವಾಕರ್ ಹಿಡಿದು ನಡೆದರು, ಮಗಳ ಮನೆಗೆ ಹೋದರು. ಕ್ಲಬ್ಬಿನ ಹಲಗೆಯಲ್ಲಿ ಹೆಸರು ಬದಲಿಸಲು ಜೂಡಿತ್ ಕೇಳಿದ್ದಕ್ಕೆ ಒಪ್ಪಲಿಲ್ಲವಂತೆ. ಎರಡು ವರ್ಷ ಬದುಕಿದ್ದರು. ಅವರ ಅಂತ್ಯಕ್ರಿಯೆಗೆ ನಾನು ಹೋಗಿದ್ದೆ. ಮಾರಿಸ್ ನಾಲ್ಕು ಮಾತಾಡಲೆಂದು ಎದ್ದು ನಿಂತು, ಪೆಟ್ಟಿಗೆಗೆ ತಲೆಬಾಗಿ ಕೂತುಬಿಟ್ಟರು. ಮಾತಾಡಿದ್ದು ಜೂಡಿತ್. ಎಲ್ಲವನ್ನೂ ಹೇಳಿದರು. ಬಂದಿದ್ದ ನೆಂಟರಲ್ಲಿ ಅರ್ಧ ಜನ ಬಾಯಿ ತೆರೆದುಕೊಂಡು ಕೂತಿದ್ದರು.

ಆದರೆ ಆ ಚಳಿಗಾಲ ನೆನೆದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಮಾರಿಸ್ ಬಂದು ಹೋದ ದಿನದ ಸಂಜೆ. ಬಸ್ಸಿಳಿದು, ನೆನೆದು, ಮನೆಗೆ ಬಂದೆ. ಮುಮ್ತಾಜ್ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಷೂ ಬಿಚ್ಚುವ ಮುಂಚೆಯೇ ಎಲ್ಲ ಹೇಳಿದೆ. ಅವಳು ಒಲೆ ಆರಿಸಿ, ಸೌಟು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತಳು. ಹೊಡದಾನ ಎಂದು ತಾನು ಅಂದದ್ದು ಅವಳಿಗೆ ನೆನಪಿತ್ತು. 

"ನಾಳೆ ನಮ್ಮವ್ವಗ ಫೋನ್ ಮಾಡ್ತೇನಿ," ಎಂದಳು ಆಮೇಲೆ. "ನಾ ಹುಟ್ಟೂದಕ್ಕಿಂತ ಮೊದಲ ನೀ ಏನ್ ಮಾಡ್ತಿದ್ದಿ ಅಂತ ಕೇಳ್ತೇನಿ."

ನನಗೆ ನಾಳೆಯವರೆಗೂ ತಡೆಯಲಾಗಲಿಲ್ಲ. ದಾವಣಗೆರೆಯಲ್ಲಿ ಆಗ ಮಧ್ಯಾಹ್ನ. ಅಮ್ಮ ಊಟಕ್ಕೆ ಕೂರುವ ಹೊತ್ತು. ಫೋನ್ ಎತ್ತಿದವಳು ಚಳಿ ಹೇಗಿದೆ, ಸ್ವೆಟರ್ ಹಾಕಿಕೊಂಡಿದ್ದೀಯಾ ಎಂದು ಎಂದಿನಂತೆ ಕೇಳಿದಳು. ಹಾಕಿಕೊಂಡಿದ್ದೇನೆ ಎಂದೆ. ಆಮೇಲೆ ಸುಮ್ಮನೆ ಮಾತಿಗೆ ಎಂಬಂತೆ, ನಾನು ಹುಟ್ಟುವ ಮೊದಲು, ಮದುವೆಗೂ ಮುಂಚೆ, ನೀನು ಏನು ಮಾಡುತ್ತಿದ್ದೆ ಅಮ್ಮ ಎಂದು ಕೇಳಿದೆ. ಹುಟ್ಟಿದಾಗಿನಿಂದ ಅಡುಗೆಮನೆಯಲ್ಲೇ ಕಂಡ ಅಮ್ಮ. ಏನು ಮಾಡ್ತಿದ್ದೆ, ಪಾತ್ರೆ ತೊಳೀತಿದ್ದೆ ಎಂದು ನಗುತ್ತಾಳೆ ಎಂದುಕೊಂಡಿದ್ದೆ.

ಆ ಕಡೆಯಿಂದ ಸದ್ದೇ ಇಲ್ಲ. ಲೈನು ಹೋಯಿತೇನೋ ಎಂದು ಎರಡು ಸಲ ಹಲೋ ಎಂದೆ. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಅಮ್ಮ ಮತ್ತೆ ಮಾತಾಡಿದಾಗ ಧ್ವನಿ ತಗ್ಗಿತ್ತು.

"ಯಾಕೆ? ಯಾರಾದ್ರೂ ಏನಾದ್ರೂ ಹೇಳಿದ್ರಾ?"